ಹಿಂಡಿಯ ಲೆಕ್ಕ

ಕಮ್ಮನಹಳ್ಳಿ ಮೇನ್ ರೋಡಿನಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯಲ್ಲಿ ಒಂದೇ ಶಟರ್ ಅಗಲದ ಎಣ್ಣೆ ಅಂಗಡಿ. ಅರ್ಧ ಜಾಗ ಗಾಣದ್ದೇ: ಬಾಗೆ ಮರದ ಗುಣಿ, ಅದರೊಳಗೆ ವಾಲಿ ನಿಂತ ಒನಕೆ, ಎತ್ತಿನ ಬದಲಿಗೆ ಮೋಟಾರು. ಬೆಳಿಗ್ಗೆ ಹತ್ತೂವರೆ. 10 ಕೆಜಿ ಕಡ್ಲೆಕಾಯಿ ಬೀಜ ಈಗಷ್ಟೇ ಗುಣಿಗೆ ಬಿದ್ದಿದೆ. ನಿವೃತ್ತ ಕೆಮಿಸ್ಟ್ರಿ ಟೀಚರೊಬ್ಬರು ಸ್ಟೀಲ್ ಕ್ಯಾನನ್ನು ಕಾಲ ಬಳಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕಾಯುತ್ತಿದ್ದಾರೆ. ಅವರ ತವರು ಶಿರಸಿ ಕಡೆ, ಅಂಗಡಿಯವರದು ಚಳ್ಳಕೆರೆ ಕಡೆ. ಅಂಗಡಿಯವರ ಮಗಳು ಇದೇ ಟೀಚರ ಹತ್ತಿರ ಓದಿದವಳು. ಆ ಸಲುಗೆ ಇಬ್ಬರ ಮಾತಿನಲ್ಲೂ ಇದೆ.

ಟೀಚರ್: ಬೀಜದ ಮೇಲೆ ನೀರು ಯಾಕಪ್ಪ ಚಿಮುಕಿಸಿದೆ? ಎಣ್ಣೆಗೆ ನೀರು ಬೆರೆಸ್ತಾನೆ ಅಂತ ನೋಡಿದವರು ಅಂದುಕೊಳ್ಳಲ್ವ?

ಗಾಣದವರು: ಅಂದ್ಕೊಳ್ತಾರೆ ಟೀಚರ್. ಜಗಳಕ್ಕೇ ಬಂದೋರಿದ್ದಾರೆ. ಆದ್ರೆ ಇಷ್ಟು ನೀರು ಬೀಳದಿದ್ರೆ ಬೀಜ ಹಿಟ್ಟಾಗಿ ಗೋಡೆಗೆ ಹತ್ಕೊಂಡು ಕೂತ್ಬಿಡುತ್ತೆ, ಎಣ್ಣೆ ಬಿಡಲ್ಲ. ಎಳ್ಳಿಗಾದ್ರೆ ಒಂದು ಉಂಡೆ ಬೆಲ್ಲಾನೂ ಹಾಕ್ತೀವಿ. ನಮ್ಮ ತಾತ ಬೀಜಾನ ಬೆರಳಲ್ಲಿ ಹಿಸುಕಿ ನೋಡಿ ನೀರಿನ ಅಳತೆ ಹೇಳೋರು. ಯಾಕೆ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಟೀಚರ್: ಕೊಡದಲ್ಲಿ ನೀರು ನಿಂತ ಹಾಗೆ ಬೀಜದೊಳಗೆ ಎಣ್ಣೆ ಒಂದು ಕಡೆ ನಿಂತಿರಲ್ಲ. ಒಂದೊಂದು ಜೀವಕೋಶದಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಕೂತಿರುತ್ತೆ. ಪ್ರತಿ ಹನಿಗೂ ಪ್ರೋಟೀನಿನ ತೆಳು ಪೊರೆ. ನಿನ್ನ ಒನಕೆ ಕೋಶವನ್ನೂ ಒಡೆಯುತ್ತೆ, ಪೊರೆಯನ್ನೂ ಹರಿಯುತ್ತೆ. ಆಗ ನೀರು ಸಿಕ್ಕಿದ್ರೆ ಪ್ರೋಟೀನು ಅದನ್ನ ಕುಡಿದು ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತೆ, ಎಣ್ಣೆಗೆ ಅಲ್ಲಿ ಜಾಗ ಇಲ್ಲದ ಹಾಗಾಗುತ್ತೆ. ನೀನು ಹಾಕಿದ ನೀರು ಹೋಗೋದು ಹಿಂಡಿಗೆ, ಎಣ್ಣೆಗಲ್ಲ. ಜಗಳಕ್ಕೆ ಬಂದವರಿಗೆ ಇದನ್ನ ಹೇಳು.

ಗಾಣದವರು: ಹಿಂಡಿ ಅಂದ್ರಲ್ಲ, ನಮ್ಮ ತಾತನೂ ಅದನ್ನೇ ಅನ್ನೋರು. ಎಣ್ಣೆ ಹೆಂಗಿದೆ ಅಂತ ತಿಳ್ಕೊಬೇಕಾದ್ರೆ ಹಿಂಡಿ ಮುರಿದು ನೋಡು ಅಂತ. ತುಂಬಾ ಒಣಗಿದ್ರೆ ಬೀಜ ಸೀದಿದೆ ಅಂತ, ಮೆತ್ತಗಿದ್ರೆ ಕೆಲಸಗಾರ ಅವಸರ ಮಾಡಿದಾನೆ ಅಂತ.

ಟೀಚರ್: ಆ ಮಾತು ನೆನಪಿಟ್ಟುಕೋ, ಆಮೇಲೆ ಬೇಕಾಗುತ್ತೆ. ಮೊದಲು ಇದು ಹೇಳು: ಗಿಡಕ್ಕೆ ಎಣ್ಣೆ ಯಾಕೆ?

ಗಾಣದವರು: ನಮಗೋಸ್ಕರ ಅಲ್ವಲ್ಲ.

ಟೀಚರ್: ಅಲ್ಲ. ಅದು ಮೊಳಕೆಗೆ ಕಟ್ಟಿಕೊಟ್ಟ ಬುತ್ತಿ. ಎಲೆ ಬಿಟ್ಟು ಬಿಸಿಲು ಹಿಡಿಯೋವರೆಗೂ ಮೊಳಕೆ ಏನಾದ್ರೂ ತಿನ್ನಬೇಕಲ್ಲ. ರಾಗಿ, ಭತ್ತ ಹಿಟ್ಟಿನ ಬುತ್ತಿ ಕಟ್ಟುತ್ತವೆ. ಎಳ್ಳು, ಕಡ್ಲೆಕಾಯಿ, ಹರಳು ಎಣ್ಣೆಯ ಬುತ್ತಿ. ಒಂದು ಗ್ರಾಂ ಹಿಟ್ಟಿನಿಂದ 4 ಕ್ಯಾಲೊರಿ, ಒಂದು ಗ್ರಾಂ ಎಣ್ಣೆಯಿಂದ 9. ಬೀಜ ಸಣ್ಣದಾಗಿರಬೇಕು, ಬುತ್ತಿ ಮಾತ್ರ ದೊಡ್ಡದಿರಬೇಕು ಅಂದ್ರೆ ಎಣ್ಣೆಯೇ ಸರಿ.

ಗಾಣದವರು: ಅದಕ್ಕೇ ಹುಚ್ಚೆಳ್ಳು ಅಷ್ಟು ಸಣ್ಣಗಿದ್ರೂ ನೂರಕ್ಕೆ ಮೂವತ್ತು ಮೀರುತ್ತೆ. ಎಳ್ಳು ಐವತ್ತರ ಹತ್ತಿರ. ಕಡ್ಲೆಕಾಯಿ ನಲವತ್ತೈದು, ಒಳ್ಳೇ ಮಾಲಾದ್ರೆ ಐವತ್ತು. ತಿಪಟೂರು ಕೊಬ್ಬರಿ ಅರವತ್ತಕ್ಕೂ ಮೇಲೆ. ಅದನ್ನ ಹಾಕಿದ ದಿನ ಅಂಗಡಿ ತುಂಬಾ ಘಮ.

ಟೀಚರ್: ಘಮದ ಮಾತು ಬಂತು. ನಿನ್ನಲ್ಲಿಗೆ ಯಾರ್ಯಾರು ಬರ್ತಾರೆ?

ಗಾಣದವರು: ಮಲಯಾಳಿಗಳು ಕೊಬ್ಬರಿ ಎಣ್ಣೆಗೆ. ತಮಿಳರು ಎಳ್ಳೆಣ್ಣೆಗೆ, ಅವರದ್ರಲ್ಲಿ ಅದೇ ನಲ್ಲೆಣ್ಣೆ, ಒಳ್ಳೇ ಎಣ್ಣೆ ಅಂತಲೇ ಹೆಸರು. ಬಂಗಾಳದ ಕಡೆ, ಈಶಾನ್ಯದ ಕಡೆ ಹುಡುಗರು ಸಾಸಿವೆ ಎಣ್ಣೆ ಕೇಳ್ತಾರೆ. ನಮ್ಮೋರು ಕಡ್ಲೆಕಾಯಿ ಎಣ್ಣೆ. ವಿಜಯಪುರದ ಒಬ್ಬರು ತಿಂಗಳಿಗೊಮ್ಮೆ ಬಂದು ಕುಸುಬೆ ಎಣ್ಣೆ ಇದೆಯಾ ಅಂತಾರೆ, ಇಲ್ಲ ಅಂದಾಗ ಅವರ ಮುಖ ನೋಡೋಕಾಗಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಈ ಬೀದೀಲಿ ಒಂದು ಸುತ್ತು ಬಂದ್ರೆ ಯಾವ ಮನೇಲಿ ಯಾವ ಊರಿದೆ ಅಂತ ಒಗ್ಗರಣೆ ವಾಸನೇಲೇ ಗೊತ್ತಾಗುತ್ತೆ.

ಟೀಚರ್: ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಕ್ಸ್ ಟೌನಿನಲ್ಲಿ ಒಂದು ಆಂಗ್ಲೋ ಇಂಡಿಯನ್ ಮನೆಯ ಮಹಡಿ ಮೇಲೆ ಬಾಡಿಗೆಗಿದ್ದೆ. ಆ ಮನೆಯ ಅಜ್ಜಿ ಭಾನುವಾರ ಮಾಂಸ ಬೇಯಿಸಿದಾಗ ಇಳಿದ ಕೊಬ್ಬನ್ನು ಪಿಂಗಾಣಿ ಬಟ್ಟಲಲ್ಲಿ ಶೇಖರಿಸಿ ಇಡ್ತಿದ್ರು. ವಾರವಿಡೀ ಅದರಲ್ಲೇ ಕರಿಯೋದು. ಹಂದಿ ಕೊಬ್ಬಾದ್ರೆ ಚೂರು ಮಾಡಿ, ತಳ ಹಿಡಿಯದಿರಲಿ ಅಂತ ಒಂದಿಷ್ಟು ನೀರು ಹಾಕಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕರಗಿಸ್ತಿದ್ರು. ನೀರು ಆರಿ, ಕೊಬ್ಬು ಕರಗಿ, ಕೊನೆಗೆ ಗರಿಗರಿ ಚೂರು ಉಳಿಯೋದು. ನಮ್ಮ ಮನೇಲಿ ಮಾಂಸ ಇಲ್ಲ, ಆದ್ರೆ ಅವರು ಮಾಡೋದನ್ನ ನೋಡಿ ನನಗೆ ಅಮ್ಮ ಬೆಣ್ಣೆ ಕಾಯಿಸೋದೇ ನೆನಪಾಗ್ತಿತ್ತು. ಎರಡರಲ್ಲೂ ನಡೆಯೋದು ಅದೇ: ನೀರು ಹೋಗಬೇಕು, ಕೊಬ್ಬು ಉಳಿಯಬೇಕು, ತಳದಲ್ಲಿ ಗಸಿ ನಿಲ್ಲಬೇಕು. ಗಾಣ ಬೇಡ, ಬೆಂಕಿ ಸಾಕು.

ಗಾಣದವರು: ನಮ್ಮವ್ವ ಹರಳೆಣ್ಣೆ ಮಾಡ್ತಿದ್ದದ್ದೂ ಗಾಣ ಇಲ್ದೇನೇ. ಮನೇಲೇ ಗಾಣ ಇದ್ರೂ ಹರಳು ಮಾತ್ರ ಹೆಂಗಸರ ಕೈದು. ಹರಳನ್ನ ಹುರಿದು, ಒರಳಲ್ಲಿ ಕುಟ್ಟಿ, ದೊಡ್ಡ ಪಾತ್ರೇಲಿ ನೀರು ಹಾಕಿ ಕುದಿಸೋದು. ಎಣ್ಣೆ ಮೇಲೆ ತೇಲುತ್ತೆ. ಸೌಟಿನ ಬೆನ್ನಿಂದ ಮೆಲ್ಲಗೆ ಬಳಿದು ಇನ್ನೊಂದು ಪಾತ್ರೆಗೆ ತಗೊಂಡು, ಚಟಪಟ ಸದ್ದು ನಿಲ್ಲೋವರೆಗೂ ಮತ್ತೆ ಕಾಯಿಸೋದು. ಸದ್ದು ನಿಂತ್ರೆ ನೀರು ಹೋಯ್ತು ಅಂತ. ಕೂಸು ಹುಟ್ಟಿದ ಮನೆಗೆಲ್ಲ ಅಲ್ಲಿಂದಲೇ ಹೋಗೋದು. ಆ ಗಸಿನ ದನಕ್ಕೆ ಹಾಕೋ ಹಾಗಿಲ್ಲ, ತಿಪ್ಪೆಗೆ.

ಟೀಚರ್: ಯಾಕೆ ಅಂತ ಅವ್ವನಿಗೆ ಗೊತ್ತಿತ್ತಾ?

ಗಾಣದವರು: ತಿಂದ ದನ ಉಳಿಯಲ್ಲ ಅಂತ ಗೊತ್ತಿತ್ತು.

ಟೀಚರ್: ಹರಳಿನಲ್ಲಿ ರೈಸಿನ್ ಅಂತ ಒಂದು ವಿಷ ಇದೆ, ಅದೂ ಪ್ರೋಟೀನೇ. ಎಣ್ಣೆಯಲ್ಲಿ ಕರಗೋದಿಲ್ಲ, ಹಿಂಡಿಯಲ್ಲೇ ನಿಲ್ಲುತ್ತೆ. ಕುದಿಸಿದ್ರೆ ಕೆಡುತ್ತೆ ಅನ್ನೋದು ನಿಜ, ಆದ್ರೆ ಪೂರ್ತಿ ಕೆಟ್ಟಿದೆ ಅಂತ ನಂಬಿ ದನಕ್ಕೆ ಹಾಕದೆ ಇದ್ದದ್ದು ದೊಡ್ಡ ತಿಳಿವಳಿಕೆ. ಒಂದೇ ಬೀಜದಿಂದ ಮಗುವಿಗೆ ಹಚ್ಚೋ ಎಣ್ಣೆಯೂ ಬಂತು, ದನ ಕೊಲ್ಲೋ ವಿಷವೂ ಬಂತು. ಎರಡನ್ನೂ ಬೇರೆ ಮಾಡಿದ್ದು ಒರಳು, ಬೆಂಕಿ, ನೀರು.

ನಮ್ಮ ಕಡೆ ಹೀಗೇ ಮುರುಗಲ ತುಪ್ಪ ಮಾಡ್ತಾರೆ. ಹಣ್ಣಿನ ಸಿಪ್ಪೆ ಒಣಗಿಸಿ ಹುಳಿಗೆ ಇಟ್ಟಮೇಲೆ ಬೀಜ ಉಳಿಯುತ್ತಲ್ಲ, ಅದನ್ನ ಬಿಸಿಲಿಗೆ ಹಾಕಿ, ಸಿಪ್ಪೆ ಬಿಡಿಸಿ, ಕುಟ್ಟಿ, ನೀರಲ್ಲಿ ಕುದಿಸೋದು. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಮೇಲೆ ಬಿಳಿ ಬಿಲ್ಲೆ ಕಟ್ಟಿರುತ್ತೆ, ಕೈಯಲ್ಲಿ ಎತ್ತಬಹುದು. ಉಪ್ಪಾಗೆ ಬೀಜದಿಂದಲೂ ತುಪ್ಪ ತೆಗೀತಾರೆ. ಮಳೆಗಾಲದಲ್ಲಿ ಕಾಲು ಒಡೆದಾಗ ಅಮ್ಮ ಮುರುಗಲ ತುಪ್ಪದ ಉಂಡೆಯನ್ನ ದೀಪಕ್ಕೆ ಹಿಡಿದು ಹಿಮ್ಮಡಿಗೆ ಸವರ್ತಿದ್ರು. ಗಿಡದ್ದಾದ್ರೂ ಅದನ್ನ ಎಣ್ಣೆ ಅನ್ನಲಿಲ್ಲ ನೋಡು, ತುಪ್ಪ ಅಂದ್ರು. ಗಟ್ಟಿಯಾಗಿ ನಿಂತದ್ದು ತುಪ್ಪ, ಹರಿದದ್ದು ಎಣ್ಣೆ. ಕೆಮಿಸ್ಟ್ರಿ ಹೇಳೋದೂ ಅಷ್ಟೇ. ಕೊಬ್ಬಿನ ಉದ್ದನೆಯ ಸರಪಳಿಗಳು ನೆಟ್ಟಗಿದ್ರೆ ಸೌದೆ ಒಟ್ಟಿದ ಹಾಗೆ ಒತ್ತಾಗಿ ಕೂತು ಗಟ್ಟಿಯಾಗ್ತವೆ. ನಡುವೆ ಬಾಗು ಬಂದ್ರೆ ಒತ್ತಾಗಿ ಕೂರೋಕಾಗಲ್ಲ, ಹರೀತವೆ. ಆ ಬಾಗನ್ನ ಹೈಡ್ರೋಜನ್ ಹಾಯಿಸಿ ನೆಟ್ಟಗೆ ಮಾಡಿ ಹರಿಯೋ ಎಣ್ಣೆಯನ್ನ ತುಪ್ಪದ ಹಾಗೆ ಗಟ್ಟಿ ಮಾಡಿದ್ದೇ ವನಸ್ಪತಿ, ಡಾಲ್ಡಾ.

ಗಾಣದವರು: ಮೀನೆಣ್ಣೆನೂ ಹಂಗೇ ಕುದಿಸಿ ತೆಗೀತಾರಂತೆ?

ಟೀಚರ್: ಹೌದು, ಕರಾವಳೀಲಿ. ಬೂತಾಯಿ ಮೀನು ರಾಶಿ ಬಿದ್ದಾಗ ಕೊಪ್ಪರಿಗೆಯಲ್ಲಿ ಬೇಯಿಸಿ, ಹಿಂಡಿ, ಮೇಲೆ ಬಂದ ಎಣ್ಣೆ ತೆಗೆದು ದೋಣಿಯ ಮರಕ್ಕೆ ಬಳೀತಿದ್ರು. ಉಳಿದದ್ದು ತೋಟಕ್ಕೆ ಗೊಬ್ಬರ.

ಗಾಣದವರು: ಮೊನ್ನೆ ಒಬ್ಬರು ಗಂಧದ ಚಕ್ಕೆ ತಂದು ಎಣ್ಣೆ ತೆಗೆದುಕೊಡಿ ಅಂದ್ರು. ಗಾಣಕ್ಕೆ ಹಾಕೋಕಾಗಲ್ಲ ಅಂತ ಕಳಿಸ್ದೆ. ಸರಿ ತಾನೇ?

ಟೀಚರ್: ಸರಿ. ಎರಡಕ್ಕೂ ಎಣ್ಣೆ ಅಂತೀವಿ, ಅವು ನೆಂಟರೇ ಅಲ್ಲ. ಕಾಗದದ ಮೇಲೆ ನಿನ್ನ ಎಣ್ಣೆ ಒಂದು ಹನಿ ಬಿದ್ರೆ ಜಿಡ್ಡಿನ ಕಲೆ ಹೋಗಲ್ಲ. ಸುಗಂಧದ ಎಣ್ಣೆ ನಿಧಾನವಾಗಿ ಆರಿ ಹೋಗುತ್ತೆ. ಆರಿ ಹೋಗೋ ಗುಣ ಇರೋದ್ರಿಂದಲೇ ಅದನ್ನ ಹಬೆಯಲ್ಲಿ ಎಬ್ಬಿಸಿ ತಣಿಸಿ ಹಿಡೀತಾರೆ. ಮೊದಲನೇ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರ ಕಳಿಸೋದು ನಿಂತಾಗ ಮೈಸೂರು ಸರ್ಕಾರ 1916ರಲ್ಲಿ ಕಾರ್ಖಾನೆ ಹಾಕಿದ್ದು ಇದಕ್ಕೇ.

ಗಾಣದವರು: ಬಂತು ನೋಡಿ, ಮೊದಲ ಎಣ್ಣೆ. ಈಗ ಹಿಟ್ಟು ಗೋಡೆ ಬಿಟ್ಟು ಉಂಡೆ ಕಟ್ತಾ ಇದೆ. ಇನ್ನು ಇಪ್ಪತ್ತು ನಿಮಿಷ.

ಟೀಚರ್: ನಿಮ್ಮ ತಾತನ ಗಾಣದಲ್ಲಿ ಎಷ್ಟು ಹೊತ್ತು ಬೇಕಿತ್ತು?

ಗಾಣದವರು: ಹೆಚ್ಚುಕಮ್ಮಿ ಇದರ ಎರಡರಷ್ಟು. ಎತ್ತಿಗೆ ಕಣ್ಣು ಕಟ್ಟಿ, ನೊಗದ ಹಲಗೆ ಮೇಲೆ ತಾತ ಕೂತ್ಕೊಳ್ಳೋರು, ಭಾರಕ್ಕೆ. ಬೀಜ ಸರಿಸೋಕೆ ಆಗಾಗ ಇಳಿದು ಎತ್ತಿನ ಜತೆ ಸುತ್ತೋರು. ಈಗ ಬೋರ್ಡಿನ ಮೇಲೆಲ್ಲ ಎತ್ತಿನ ಚಿತ್ರ ಬರೆಸ್ತಾರೆ, ಚೆಂದ ಕಾಣುತ್ತೆ. ನಾನು ಆ ಎತ್ತಿನ ಹೆಗಲ ಮೇಲಿನ ಗಾಯಕ್ಕೆ ಹೊಂಗೆ ಎಣ್ಣೆ ಸವರಿದೋನು. ಅದಕ್ಕೇ ನನ್ನ ಬೋರ್ಡಲ್ಲಿ ಎತ್ತಿಲ್ಲ. ಆದ್ರೆ ಒಂದು ಮಾತು: ಆ ಎತ್ತು ದುಡಿದದ್ರಲ್ಲಿ ಅದಕ್ಕೂ ಪಾಲಿತ್ತು. ಸಂಜೆ ಹಿಂಡಿ ನೆನೆಸಿ ಮೊದಲು ಅದಕ್ಕೆ ಇಡೋದು. ಆಮೇಲೆ ನಮ್ಮ ಊಟ.

ಟೀಚರ್: ಹೊಂಗೆನೂ ಅರೀತಿದ್ರಾ?

ಗಾಣದವರು: ಹೊಂಗೆ, ಬೇವು, ಹಿಪ್ಪೆ, ಎಲ್ಲಾನೂ. ಅದಕ್ಕೆ ಬೇರೆ ಗಾಣ, ಮರಕ್ಕೆ ಕಹಿ ಹತ್ತಿದ್ರೆ ಹೋಗಲ್ಲ. ನಮ್ಮ ಜನಾನ ಜ್ಯೋತಿಪಣದೋರು ಅಂತಾರಲ್ಲ, ದೀಪದ ಎಣ್ಣೆ ಕೊಡ್ತಿದ್ರು ಅಂತಲೇ ಆ ಹೆಸರು ಅಂತ ತಾತ ಹೇಳೋರು.

ಟೀಚರ್: ಶಾಸನಗಳಲ್ಲಿ ಗಾಣದೆರೆ ಅಂತ ತೆರಿಗೆಯೇ ಬರುತ್ತೆ. ದೇವರ ನಂದಾದೀವಿಗೆಗೆ ಗಾಣಕ್ಕೆ ಇಷ್ಟು ಎಣ್ಣೆ ಅಂತ ಬಿಟ್ಟದ್ದೂ ಬರುತ್ತೆ. ಅಂದ್ರೆ ಊರಿನ ಬೆಳಕೆಲ್ಲ ಒಂದು ಕಾಲಕ್ಕೆ ಬೀಜದಿಂದ ಬಂದದ್ದು. ಬೆಂಗಳೂರು ಪೇಟೆಯಲ್ಲಿ ಗಾಣಿಗರಪೇಟೆ ಅಂತ ಇವತ್ತಿಗೂ ಇದೆ. ಸೀಮೆಎಣ್ಣೆ ಬಂತು, 1905ರಲ್ಲಿ ಸಿಟಿ ಮಾರ್ಕೆಟ್ ಹತ್ತಿರ ಕರೆಂಟು ದೀಪ ಹತ್ತಿತು. ಗಾಣಕ್ಕೆ ಅಡುಗೆಮನೆ ಒಂದೇ ಉಳೀತು.

ಗಾಣದವರು: ಅದನ್ನೂ ಮಿಲ್ಲು ತಗೊಂತು. ನಮ್ಮಪ್ಪ ಗಾಣ ಬಿಟ್ಟು ಚಳ್ಳಕೆರೇಲಿ ಮಿಲ್ಲಿಗೆ ಸೇರಿದ್ರು. ಎಣ್ಣೆ ನಗರ ಅಂತ ಹೆಸರು ಊರಿಗೆ. ಸುಗ್ಗೀಲಿ ರಸ್ತೆ ಉದ್ದಕ್ಕೂ ಶೇಂಗಾ ಗಾಡಿ, ಗಾಳೀಲೇ ಹುರಿದ ವಾಸನೆ. ಮಿಲ್ಲಲ್ಲಿ ಒನಕೆ ಇಲ್ಲ, ತಿರುಪಿನ ಹಾಗಿರೋ ಉಕ್ಕಿನ ದಂಡ ಬೀಜಾನ ಮುಂದಕ್ಕೆ ನೂಕಿ ನೂಕಿ ಹಿಂಡುತ್ತೆ. ಬಿಸಿ ಕೈಯಿಟ್ರೆ ಸುಡುತ್ತೆ. ಹಿಂಡಿ ಹಪ್ಪಳದ ಹಾಗೆ ಬೀಳೋದು. ನಾನು ಹೈಸ್ಕೂಲು ಮುಗಿಸೋಷ್ಟರಲ್ಲಿ ಒಂದೊಂದೇ ಮಿಲ್ಲು ಬಾಗಿಲು ಹಾಕ್ತು. ಪಾಮೋಲಿನ್ ಬಂತು, ಇನ್ನು ನಡೆಯಲ್ಲ ಅಂದ್ರು ಅಪ್ಪ. ಬೆಂಗಳೂರಿಗೆ ಬಂದ್ವಿ.

ಟೀಚರ್: 1986ರಲ್ಲಿ ಎಣ್ಣೆಕಾಳು ಮಿಷನ್ ಅಂತ ಮಾಡಿ ಬೆಳೆ ಹೆಚ್ಚಿಸಿದ್ರು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆಗೆದ್ರು. ಈಗ ದೇಶ ತಿನ್ನೋ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರುತ್ತೆ. ತಾಳೆಯ ಎಣ್ಣೆ ಇರೋದು ಹಣ್ಣಿನ ತಿರುಳಲ್ಲಿ, ಒಳಗಿನ ಬೀಜದಲ್ಲಿ ಇನ್ನೊಂದು ಥರದ ಎಣ್ಣೆ. ಹಣ್ಣು ಕೊಯ್ದ ಮೇಲೆ ಅದರದೇ ಕಿಣ್ವ ಎಣ್ಣೆ ಕೆಡಿಸೋಕೆ ಶುರು ಮಾಡುತ್ತೆ. ಒಂದೆರಡು ದಿನದೊಳಗೆ ಹಬೆಯಲ್ಲಿ ಬೇಯಿಸಲೇಬೇಕು, ಹಾಗಾಗಿ ಮಿಲ್ಲು ತೋಟದ ಪಕ್ಕದಲ್ಲೇ ಇರಬೇಕು. ಅದು ದೊಡ್ಡ ಬಂಡವಾಳದ ಬೆಳೆ. ಒಣಗಿದ ಶೇಂಗಾ ಹಾಗಲ್ಲ, ಮೂಟೆ ಕಟ್ಟಿಟ್ಟು ಬೇಕಾದಾಗ ಅರೆಯಬಹುದು. ಸಣ್ಣ ಗಾಣಿಗ ಬದುಕಿದ್ದು ಆ ಮೂಟೆಯ ಮೇಲೆ.

ಗಾಣದವರು: ಅದಕ್ಕೇ ನಾನು ಬಂದೋರಿಗೆಲ್ಲ ಹೇಳೋದು, ಪ್ಯಾಕೆಟ್ ಎಣ್ಣೆ ಕೆಮಿಕಲ್ಲು, ವಿಷ, ತಿನ್ನಬೇಡಿ ಅಂತ.

ಟೀಚರ್: ಹಾಗೆ ಹೇಳಬೇಡ. ನಿನ್ನ ಮೇಲೆ ಅಭಿಮಾನ ಇರೋದಕ್ಕೇ ಹೇಳ್ತಿದೀನಿ. ಸೋಯಾದಲ್ಲಿ, ಅಕ್ಕಿ ತೌಡಿನಲ್ಲಿ ಎಣ್ಣೆ ನೂರಕ್ಕೆ ಇಪ್ಪತ್ತೋ ಅದಕ್ಕೂ ಕಡಿಮೆಯೋ. ಹಿಂಡಿದ್ರೆ ಹೆಚ್ಚೇನೂ ಬರಲ್ಲ. ಅದಕ್ಕೆ ಹೆಕ್ಸೇನ್ ಸುರಿದು ಎಣ್ಣೆಯನ್ನ ಅದರಲ್ಲಿ ಕರಗಿಸಿ, ಆಮೇಲೆ ಹೆಕ್ಸೇನನ್ನ ಆವಿ ಮಾಡಿ ವಾಪಸ್ ಹಿಡೀತಾರೆ. ಅದು ಸುಮಾರು 69 ಡಿಗ್ರಿಗೇ ಕುದಿಯುತ್ತೆ. ಭತ್ತದ ಮಿಲ್ಲಿಂದ ಬಂದ ತೌಡು ಕೆಲವೇ ಗಂಟೆಯಲ್ಲಿ ಕಮಟಾಗೋಕೆ ಶುರುವಾಗುತ್ತೆ, ಅದನ್ನ ತಕ್ಷಣ ಬಿಸಿ ಮಾಡಿ ಉಳಿಸಿ ಎಣ್ಣೆ ತೆಗೆಯೋದು ಒಳ್ಳೇ ಕೆಲಸವೇ. ಆಮೇಲೆ ಅಂಟು ತೆಗೀತಾರೆ, ಕ್ಷಾರ ಹಾಕಿ ಹುಳಿ ತೆಗೀತಾರೆ, ಜೇಡಿಮಣ್ಣಿನಲ್ಲಿ ಬಣ್ಣ ತೆಗೀತಾರೆ, ಕೊನೆಗೆ 200 ಡಿಗ್ರಿ ಮೀರಿದ ಬಿಸಿಯಲ್ಲಿ ಹಬೆ ಹಾಯಿಸಿ ವಾಸನೆಯನ್ನೂ ತೆಗೀತಾರೆ. ನನ್ನ ದುಃಖ ಆ ಕೊನೇದರ ಬಗ್ಗೆ. ವಾಸನೆ ಹೋದ ಮೇಲೆ ಅದು ಯಾವ ಬೀಜದ್ದು, ಯಾವ ಊರಿಂದು ಅಂತ ಅಡುಗೆ ಮಾಡೋರಿಗೆ ತಿಳಿಯೋ ದಾರಿಯೇ ಇಲ್ಲ. ಅದನ್ನ ವಿಷ ಅನ್ನೋದು ಮಾತ್ರ ಸುಳ್ಳು. ದಿನಗೂಲಿ ಮಾಡಿ ಬದುಕೋ ಮನೆಗಳು ನಿನ್ನ ಎಣ್ಣೆ ಕೊಳ್ಳೋಕಾಗಲ್ಲ. ಅವರು ತಿನ್ನೋದನ್ನ ವಿಷ ಅಂದ್ರೆ ಅವರಿಗೆ ಎಷ್ಟು ಸಂಕಟ.

ಗಾಣದವರು: ಸರಿ ಟೀಚರ್. ಇನ್ನು ಹೇಳಲ್ಲ.

ಟೀಚರ್: ಇನ್ನೊಂದು ಕೇಳು. ವಿಷ ಬರೋದಿದ್ರೆ ನಿನ್ನ ಗಾಣದಲ್ಲೂ ಬರಬಹುದು. ಬೂಸ್ಟು ಹಿಡಿದ ಕಡ್ಲೆಕಾಯಿ ಬೀಜದಲ್ಲಿ ಅಫ್ಲಾಟಾಕ್ಸಿನ್ ಅಂತ ಸೇರಿಕೊಳ್ಳುತ್ತೆ, ಪಿತ್ತಜನಕಾಂಗಕ್ಕೆ ಕ್ಯಾನ್ಸರ್ ತರೋದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು. ಏನು ರೋಗ ಅಂತ ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದೇನು ಗೊತ್ತಾ? ಬ್ರೆಜಿಲ್‌ನಿಂದ ಬಂದ ಕಡ್ಲೆಕಾಯಿ ಹಿಂಡಿ. ಬೂಸ್ಟು ಹಿಡಿದ ಬೀಜದ ಹಿಂಡಿ. ಈ ವಿಷಕ್ಕೆ ಎಣ್ಣೆ ಅಷ್ಟಾಗಿ ಒಗ್ಗಲ್ಲ, ಬಹುಪಾಲು ಹಿಂಡಿಯಲ್ಲೇ ಉಳಿಯುತ್ತೆ. ಎಣ್ಣೆಗೆ ಬಂದ ಸ್ವಲ್ಪವನ್ನ ರಿಫೈನರಿಯ ಕ್ಷಾರ ತೆಗೆದುಬಿಡುತ್ತೆ. ನಿನ್ನ ಗಾಣದಲ್ಲಿ ಕ್ಷಾರ ಇಲ್ಲ.

ಗಾಣದವರು: ನಮ್ಮನೆಯೋಳು ಬೆಳಿಗ್ಗೆ ಐದಕ್ಕೆ ಎದ್ದು ಮೊರದಲ್ಲಿ ಹಾಕ್ಕೊಂಡು ಆರಿಸ್ತಾಳೆ. ಕಪ್ಪು, ಸುಕ್ಕು, ಒಡಕು, ಹಸಿರು ಬೂಸ್ಟು ಯಾವುದೂ ಬಿಡಲ್ಲ. ಒಂದು ಮೂಟೇಲಿ ಎರಡು ಮೂರು ಕೆಜಿ ಹೋಗುತ್ತೆ. ಮಳೇಲಿ ಕಿತ್ತ ಮಾಲು ಬಂದ್ರೆ ಇನ್ನೂ ಜಾಸ್ತಿ.

ಟೀಚರ್: ಆ ಆರಿಸಿದ್ದನ್ನ ಏನು ಮಾಡ್ತೀರಿ?

ಗಾಣದವರು: ...ಮೊದಲೆಲ್ಲ ಹಿಂಡಿ ಜತೆ ಸೇರಿಸಿ ಕೊಡ್ತಿದ್ವಿ. ದನ ತಾನೇ ತಿನ್ನೋದು ಅಂತ.

ಟೀಚರ್: ದನ ತಿಂದದ್ದು ಎಲ್ಲಿಗೆ ಬರುತ್ತೆ? ಹಿಂಡಿಯಲ್ಲಿ ನೀನು ಬಿಟ್ಟ ಎಣ್ಣೆ ಹಾಲಿನ ಕೆನೆಗೆ ಬರುತ್ತೆ, ಆ ಕೆನೆ ಬೆಣ್ಣೆಯಾಗಿ ತುಪ್ಪವಾಗುತ್ತೆ. ಹಾಗೇ ಆ ವಿಷದ ಒಂದು ಪಾಲೂ ರೂಪ ಬದಲಿಸಿಕೊಂಡು ಹಾಲಿಗೆ ಬರುತ್ತೆ, ಕುದಿಸಿದ್ರೆ ಹೋಗಲ್ಲ. ಹಾಲು ಕುಡಿಯೋದು ಯಾರು?

ಗಾಣದವರು: ಅರ್ಥ ಆಯ್ತು.

ಟೀಚರ್: ನಿಮ್ಮ ತಾತ ಹಿಂಡಿ ಮುರಿದು ನೋಡು ಅಂದದ್ದು ಎಣ್ಣೆ ಪೂರ್ತಿ ಬಂತೋ ಇಲ್ಲವೋ ಅಂತ ತಿಳಿಯೋಕೆ ಇರಬಹುದು. ಈ ಬೀದಿಯಲ್ಲಿ ಎಣ್ಣೆ ಕೊಳ್ಳೋರು ಬಣ್ಣ ಕೇಳ್ತಾರೆ, ಬೆಲೆ ಕೇಳ್ತಾರೆ, ಕೋಲ್ಡ್ ಪ್ರೆಸ್ಸಾ ಅಂತ ಕೇಳ್ತಾರೆ. ನಾನಾದ್ರೆ ಹಿಂಡಿ ತೋರಿಸು ಅಂತ ಕೇಳ್ತೀನಿ. ತನ್ನ ಹಿಂಡಿಯನ್ನ ಕೈಯಲ್ಲಿ ಮುರಿದು ಬಾಯಿಗೆ ಹಾಕ್ಕೊಳ್ಳೋ ಗಾಣದವನ ಎಣ್ಣೆಗೆ ಬೇರೆ ಸರ್ಟಿಫಿಕೇಟ್ ಬೇಡ.

ಮೋಟಾರು ನಿಂತಿತು. ತಗಡಿನ ಪಾತ್ರೆಗೆ ಕೊನೆಯ ಹನಿಗಳು ಬೀಳುತ್ತಿವೆ. ಮಡ್ಡಿಯಿಂದ ಮಸುಕಾಗಿರುವ ಎಣ್ಣೆ, ತಿಳಿಯಾಗಲು ಎರಡು ದಿನ ಬಿಸಿಲಲ್ಲಿ ಇಡಬೇಕು. ಅಂಗಡಿಯವರು ಪಾತ್ರೆಯನ್ನು ತಕ್ಕಡಿಗೆ ಇಟ್ಟರು.

ಗಾಣದವರು: 4 ಕೆಜಿ 100 ಗ್ರಾಂ. ಲೀಟರ್ ಲೆಕ್ಕಕ್ಕೆ ನಾಲ್ಕೂವರೆ. ಎಣ್ಣೆ ನೀರಿಗಿಂತ ಹಗುರ ಅಲ್ವ, ಲೀಟರಿಗೆ 910 ಗ್ರಾಂ ಬರುತ್ತೆ. ಹಿಂಡಿ ಆರು ಕೆಜಿ ಹತ್ತಿರ.

ಟೀಚರ್: ಅದರಲ್ಲಿ ಇನ್ನೂ ಅರ್ಧ ಕೆಜಿ ಎಣ್ಣೆ ಉಳಿದಿರುತ್ತೆ. ಹೆಕ್ಸೇನ್ ಆಗಿದ್ರೆ ನೂರಕ್ಕೆ ಒಂದೂ ಬಿಡ್ತಿರಲಿಲ್ಲ. ಬಿಟ್ಟದ್ದೇ ಒಳ್ಳೇದಾಯ್ತು. ಯಾರು ಒಯ್ತಾರೆ?

ಗಾಣದವರು: ಹೆಣ್ಣೂರು ಕಡೆಯಿಂದ ಒಬ್ಬರು ಬರ್ತಾರೆ, ನಾಲ್ಕು ಹಸು ಇಟ್ಕೊಂಡಿದ್ದಾರೆ. ಈ ಬೀದೀಲೇ ಏಳೆಂಟು ಮನೆಗೆ ಅವರ ಹಾಲು. ಇವತ್ತಿನ ಆರಿಸಿದ ಬೀಜ ಇಲ್ಲೇ ಮೂಲೇಲಿದೆ, ನೋಡಿ. ಒಂದೂವರೆ ಕೆಜಿ ಇರಬಹುದು. ಮಣ್ಣಲ್ಲಿ ಹೂತುಬಿಡ್ತೀನಿ.

ಟೀಚರ್: ಊರಿನ ಕಡೆ ರೈತರಿಗೂ ಹೇಳು, ಕಿತ್ತ ಕಾಯಿಯನ್ನ ಚೆನ್ನಾಗಿ ಒಣಗಿಸದೆ ಮೂಟೆ ಕಟ್ಟಬೇಡಿ ಅಂತ. ಆರಿಸೋದಕ್ಕಿಂತ ಮೊದಲಿನ ಕೆಲಸ ಅದು. ಎಲ್ಲಿ, ಒಂದು ಚೂರು ಹಿಂಡಿ ಕೊಡು.

ಗಾಣದವರು: ಬಿಸಿ ಇದೆ, ಹುಷಾರು. ತಾಳಿ, ಬೆಲ್ಲ ಕೊಡ್ತೀನಿ. ಎಳ್ಳು ಗಾಣಕ್ಕೆ ಅಂತ ತಂದಿಟ್ಟದ್ದು.

ಅವರೂ ಒಂದು ಚೂರು ಮುರಿದುಕೊಂಡರು. ಇಬ್ಬರೂ ಬೆಲ್ಲ ನಂಚಿಕೊಂಡು ತಿನ್ನುತ್ತಿರುವಾಗ ಶಟರ್ ಮುಂದೆ ಒಂದು ಟಿವಿಎಸ್ ಬಂದು ನಿಂತಿತು. ಹಿಂದೆ ಎರಡು ಹಾಲಿನ ಕ್ಯಾನು, ಹ್ಯಾಂಡಲಿಗೆ ಸಿಕ್ಕಿಸಿದ ಖಾಲಿ ಚೀಲ.